ಸೀಮೆಸುಣ್ಣದ ಹ

ಜನವರಿ ೮

ನೇಯ್ಗೆ ವಿಭಾಗದ ಮೇಸ್ತ್ರಿಗಳಿಗೆ,

ಮಾನ್ಯರೇ,

ವಿಷಯ: ರೈಲು ನಿಲ್ದಾಣದ ಚಾವಣಿಗಾಗಿ ತಾವು ನೇಯ್ದ ಗಾಜಿನ ನೂಲಿನ ಬಟ್ಟೆ.

ತಮ್ಮ ಬಟ್ಟೆಯನ್ನು ಒಳಗೆ ಹಾಸಿ ಎರಡು ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಹಲಗೆಗಳನ್ನು ಎರಕ ಹೊಯ್ಯುತ್ತಿದ್ದೇವೆ. ಇದರಲ್ಲಿ ಕಬ್ಬಿಣದ ಸರಳಿಲ್ಲ. ಕಾಂಕ್ರೀಟು ಬಿರುಕು ಬಿಟ್ಟ ಮೇಲೆ ಎಳೆತವನ್ನೆಲ್ಲ ಬಟ್ಟೆಯೇ ತಾಳಬೇಕು. ಹೋದ ತಿಂಗಳು ತಾವು ಉದ್ದುದ್ದಕ್ಕೆ ಕತ್ತರಿಸಿ ಕೊಟ್ಟ ಪಟ್ಟಿಗಳನ್ನು ಎರಕ ಹೊಯ್ದು ಎರಡೂ ತುದಿ ಹಿಡಿದು ಎಳೆದಾಗ ನನ್ನ ಲೆಕ್ಕ ಕೂದಲೆಳೆಯಷ್ಟೂ ತಪ್ಪಲಿಲ್ಲ. ಆದರೆ ಈ ವಾರ ಪೂರ್ತಿ ಅಳತೆಯ ಹಲಗೆಯೊಂದನ್ನು ಎರಡು ತೊಲೆಗಳ ಮೇಲಿಟ್ಟು ಮರಳು ಮೂಟೆ ಹೇರಿದೆವು. ಆರು ಮಿಲಿಮೀಟರ್ ಬಾಗಬೇಕಾದದ್ದು ಹದಿನಾಲ್ಕು ಬಾಗಿತು.

ನೂಲು, ಮಗ್ಗ, ನೂಲಿನ ಮೇಲಿನ ಲೇಪ, ಇವುಗಳಲ್ಲಿ ಏನಾದರೂ ಬದಲಾಗಿದೆಯೇ ಎಂದು ತಿಳಿಸಬೇಕು.

ಈ ಪತ್ರ ಯಾರ ಕೈ ಸೇರುತ್ತದೆಂದು ನನಗೆ ಗೊತ್ತು. ನಾಲ್ಕು ವರ್ಷದ ಮೇಲೆ ಬರೆಯುವ ಮೊದಲ ಪತ್ರ ಮರಳು ಮೂಟೆಯ ಬಗ್ಗೆ ಇರುತ್ತದೆಂದು ಎಣಿಸಿರಲಿಲ್ಲ. ಸಾಮಗ್ರಿಯ ವಿಚಾರ ಫೋನಿನಲ್ಲಿ ಆಡಕೂಡದು, ಕಾಗದದ ಮೇಲೇ ಇರಬೇಕು ಎಂಬುದು ಕಚೇರಿಯ ನಿಯಮ. ಕಾಗದದಲ್ಲೇ ಉತ್ತರಿಸಿ.

ಇತಿ,
ಲೆಕ್ಕದ ಎಂಜಿನಿಯರ್, ಪರೀಕ್ಷಾ ವಿಭಾಗ
('ನಿಮ್ಮ ಮಗಳು' ಎಂದು ಬರೆಯಲು ಈ ಮುದ್ರಿತ ಹಾಳೆಯಲ್ಲಿ ಜಾಗ ಬಿಟ್ಟಿಲ್ಲ.)


ಜನವರಿ ೧೫

ಮಾನ್ಯ ಎಂಜಿನಿಯರಮ್ಮನವರಿಗೆ ನೇಯ್ಗೆ ಮೇಸ್ತ್ರಿಯ ನಮಸ್ಕಾರಗಳು.

ನೂಲು ಅದೇ, ಮಗ್ಗ ಅದೇ, ಲೇಪದ ಡಬ್ಬಿ ಅದೇ. ನೇಯುವ ಕೈಯೂ ಅದೇ, ಸ್ವಲ್ಪ ಹಳೆಯದಾಗಿದೆ ಅಷ್ಟೆ. 'ಕುಣಿಯಲಾರದವಳು ನೆಲ ಡೊಂಕು ಎಂದಳಂತೆ' ಎಂದು ಇಲ್ಲಿ ಒಂದು ಸಾಲು ಬರೆದಿದ್ದೆ. ಕಚೇರಿಯ ಕಾಗದವೆಂದು ನೆನಪಾಗಿ ಹೊಡೆದು ಹಾಕಿದ್ದೇನೆ. ಹೊಡೆದು ಹಾಕಿದ್ದು ಕಂಡರೆ ಓದಬೇಡಿ.

ತಮ್ಮ ಪತ್ರ ಬಂದಾಗ ಮಧ್ಯಾಹ್ನ. ಆ ಹೊತ್ತಿಗೆ ನಮ್ಮ ಶೆಡ್ಡಿನ ಮೇಲುಗಡೆಯ ಕಿಟಕಿಗಳಿಂದ ಬಿಸಿಲು ಓರೆಯಾಗಿ ಇಳಿದು ಗಾಜಿನ ನೂಲಿನ ಮೇಲೆ ಬೀಳುತ್ತದೆ. ಮಗ್ಗದಲ್ಲಿ ನೀರು ನೇಯುತ್ತಿದ್ದೇವೋ ಏನೋ ಅನ್ನಿಸುತ್ತದೆ. ಇಷ್ಟು ವರ್ಷ ಕಂಡರೂ ಆ ಅರ್ಧ ಗಂಟೆ ನಾನು ಯಾರ ಜೊತೆಗೂ ಮಾತಾಡುವುದಿಲ್ಲ. ಅವತ್ತು ನೂಲು ಜೋಡಿಸುವ ಹೆಂಗಸು ಬಿಡಲಿಲ್ಲ.

"ಯಾರ ಪತ್ರ ಮೇಸ್ತ್ರಿ, ಮೂರು ಸಲ ಓದ್ತಿದೀರಲ್ಲ?"

"ಪರೀಕ್ಷೆಯವರದು. ಬಟ್ಟೆ ಸರಿ ಇಲ್ವಂತೆ."

"ಬಟ್ಟೆ ಸರಿ ಇಲ್ಲ ಅಂದ್ರೆ ನೀವು ಶೆಡ್ಡು ಹಾರಿಹೋಗೋ ಹಾಗೆ ಕೂಗಾಡ್ತೀರಿ. ಇವತ್ತು ನಗ್ತಿದೀರಿ!"

ನಗುತ್ತಿರಲಿಲ್ಲ ಎಂದು ಅವಳಿಗೆ ಹೇಳಿದೆ. ತಮಗೂ ಅದನ್ನೇ ಹೇಳುತ್ತಿದ್ದೇನೆ.

ಒಂದು ಸಂಶಯ. ಹಲಗೆ ಇನ್ನೂ ಅಚ್ಚಿನೊಳಗಿರುವಾಗಲೇ ಅದು ಆರು ಮಿಲಿಮೀಟರ್ ಬಾಗುತ್ತದೆಂದು ತಮಗೆ ಹೇಗೆ ಗೊತ್ತಾಗುತ್ತದೆ? ಯಂತ್ರ ತಿರುಗದೆ, ಮೂಟೆ ಎತ್ತದೆ ಭಾರ ಹೇಗೆ ಹೊರಿಸುತ್ತೀರಿ? ಏಪ್ರಿಲ್ ಕೊನೆಗೆ ನನ್ನ ನಿವೃತ್ತಿ. ಈ ಚಾವಣಿಯೇ ನನ್ನ ಕೊನೆಯ ದೊಡ್ಡ ಕೆಲಸ. ನಾನು ನೇಯ್ದದ್ದು ಅದರೊಳಗೆ ಹೋಗಿ ಏನು ಮಾಡುತ್ತದೆಂದು ತಿಳಿದುಕೊಂಡು ಮನೆಗೆ ಹೋಗೋಣವೆಂದು ಆಸೆ.

ಅಕ್ಷರ ಇನ್ನೂ ಬಲಕ್ಕೇ ವಾಲುತ್ತಿದೆ. ಚಿಕ್ಕಂದಿನಲ್ಲಿ ಎಷ್ಟು ಹೇಳಿದರೂ ಕೇಳಲಿಲ್ಲ.

ಇತಿ ವಿಧೇಯ,
ಮೇಸ್ತ್ರಿ


ಜನವರಿ ೨೯

ಮೇಸ್ತ್ರಿಗಳೇ,

ಹೊಡೆದು ಹಾಕಿದ್ದನ್ನು ಮೊದಲು ಓದಿದೆ.

ಭಾರ ಹೊರಿಸುವ ಬಗೆ ಹೀಗೆ. ಕಂಪ್ಯೂಟರಿನೊಳಗೆ ಅಂಥದೇ ಒಂದು ಹಲಗೆಯನ್ನು ಅಂಕಿಗಳಲ್ಲಿ ಕಟ್ಟುತ್ತೇನೆ. ಅದನ್ನು ಮಾದರಿ ಎನ್ನುತ್ತೇವೆ. ಕಾಂಕ್ರೀಟಿನ ಗುಣ ಗೊತ್ತು, ಗಾಜಿನ ಗುಣ ಗೊತ್ತು. ಕಷ್ಟವಿರುವುದು ಎರಡರ ನಡುವಿನ ಸಂಬಂಧದಲ್ಲಿ. ನಿಮ್ಮ ಒಂದು ನೂಲಿನಲ್ಲಿ ಎರಡು ಸಾವಿರ ಎಳೆಗಳಿವೆ. ಸಿಮೆಂಟಿನ ಕಣ ದಪ್ಪ. ಅದು ಹೊರಗಿನ ಎಳೆಗಳ ಸಂದಿಗೆ ನುಗ್ಗಿ ಅವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಒಳಕ್ಕೆ ಹೋಗಲಾರದು. ಒಳಗಿನ ಎಳೆಗಳು ಒಣಗಿದಂತೆಯೇ ಉಳಿದು ಒಂದಕ್ಕೊಂದು ಒರಗಿಕೊಂಡಿರುತ್ತವೆ. ಬಿರುಕು ಬಿಟ್ಟಾಗ ಹೊರಗಿನವು ಎಳೆತ ಹಿಡಿಯುತ್ತವೆ, ಒಳಗಿನವು ತೂಕಡಿಸುತ್ತ ಸ್ವಲ್ಪ ಜಾರಿ, ಆಮೇಲೆ ಕೈ ಜೋಡಿಸುತ್ತವೆ. ಒಳಗಿನವರಲ್ಲಿ ಹತ್ತಕ್ಕೆ ಎಷ್ಟು ಜನ ಎಚ್ಚರವಿದ್ದಾರೆ ಎಂಬುದಕ್ಕೆ ಮಾದರಿಯಲ್ಲಿ ಒಂದು ಅಂಕಿ ಇದೆ. ಅದನ್ನು ಯಾರೂ ಕಣ್ಣಾರೆ ಕಂಡಿಲ್ಲ. ಪರೀಕ್ಷೆ ನೋಡಿ ಊಹಿಸಬೇಕು.

ಊಟವಾದ ಮೇಲೆ ಪರದೆಯ ಮುಂದೆ ಕುಳಿತರೆ ನಾನು ಆ ನೂಲಿನೊಳಕ್ಕೆ ಇಳಿದುಬಿಡುತ್ತೇನೆ. ಉದ್ದನೆಯ ಗಾಜಿನ ಓಣಿ. ಬೆಳಕು ಎಲ್ಲಿಂದ ಬರುತ್ತದೋ ತಿಳಿಯದು. ದೂರದಲ್ಲೆಲ್ಲೋ ಒಂದು ಬಿರುಕು ಟಕ್ ಎನ್ನುತ್ತದೆ, ಎಳೆಗಳು ನನ್ನ ಭುಜ ಸವರಿಕೊಂಡು ನಿಧಾನವಾಗಿ ಸರಿಯುತ್ತವೆ. ನಿನ್ನೆ ಓಣಿಯ ಕೊನೆಯಲ್ಲಿ ಅಮ್ಮ ಕುಳಿತಿದ್ದಳು, ನೂಲು ಸುತ್ತುತ್ತಿದ್ದಳು. ಕೂಗಿದೆ. ತಲೆ ಎತ್ತಲಿಲ್ಲ. ಅಷ್ಟರಲ್ಲಿ ಯಾರೋ ಟೀ ತಂದಿಟ್ಟರು.

ಈಗ ಯಾರಿಗೂ ಹೇಳದ ಒಂದು ಮಾತು. ಪಟ್ಟಿಗಳಿಗೆ ಆ ಅಂಕಿ ಏಳು ಇತ್ತು, ಸರಿಯಾಗಿ ಕೂತಿತ್ತು. ಹಲಗೆ ಹದಿನಾಲ್ಕು ಬಾಗಿದ ಮೇಲೆ ಭಾರದ ಮೊದಲ ಹಂತಕ್ಕೆ ಮಾತ್ರ ಅದನ್ನು ನಾಲ್ಕಕ್ಕೆ ಇಳಿಸಿದೆ. ಮಾದರಿಯ ಹಲಗೆಯೂ ಸರಿಯಾಗಿ ಹದಿನಾಲ್ಕು ಬಾಗಿತು. ಮುರಿಯುವ ಭಾರ ಮೊದಲು ಹೇಳಿದಷ್ಟೇ ಇದೆ ಎಂದೂ ತೋರಿಸಿತು. ನಾಲ್ಕು ಯಾಕೆ ಎಂದು ನನಗೆ ಗೊತ್ತಿಲ್ಲ. 'ದೊಡ್ಡ ಅಳತೆಯಲ್ಲಿ ಹೀಗಾಗುವುದುಂಟು' ಎಂದು ಒಂದು ಸಾಲು ಸೇರಿಸಿದೆ. ಮುಖ್ಯ ಎಂಜಿನಿಯರ್ ಬೆನ್ನು ತಟ್ಟಿದರು. ರುಜು ಹಾಕಿದೆ. ಸುಳ್ಳು ಬರೆದಿಲ್ಲ, ಹೊಂದಿಸಿದ್ದೇನೆ.

ಹೊಂದಿಸುವುದನ್ನು ನಾನು ಯಾರಿಂದ ಕಲಿತೆ ಎಂದು ಯೋಚಿಸುತ್ತಿದ್ದೆ. 'ಪರವಾಗಿಲ್ಲ, ಚೇತರಿಸಿಕೊಳ್ಳುತ್ತಿದ್ದಾಳೆ, ಪರೀಕ್ಷೆ ಮುಗಿಸಿಕೊಂಡೇ ಬಾ' ಎಂದು ನಾನು ಕಾಲೇಜಿನಲ್ಲಿದ್ದಾಗ ಆಸ್ಪತ್ರೆಯಿಂದ ನೀವು ಬರೆದ ಕಾರ್ಡು ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ. ಪರೀಕ್ಷೆ ಮುಗಿಸಿಕೊಂಡೇ ಬಂದೆ. ಅಷ್ಟರಲ್ಲಿ ಅಮ್ಮನ ಮಂಚದ ಮೇಲಿನ ಹಾಸಿಗೆಯನ್ನೂ ಸುತ್ತಿಟ್ಟಿದ್ದಿರಿ.

ಇತಿ,
ಲೆಕ್ಕದವಳು


ಫೆಬ್ರವರಿ ೨೦

ಎಂಜಿನಿಯರಮ್ಮ,

ಕಾರ್ಡಿನ ಮಾತಿಗೆ ಉತ್ತರ ಬರೆಯಲು ಮೂರು ವಾರ ಕುಳಿತೆ. ಹೇಳಬೇಡ ಎಂದು ನಿಮ್ಮ ತಾಯಿಯೇ ಹೇಳಿದ್ದಳೆಂದು ಆಗಲೇ ಹೇಳಿದ್ದೇನಲ್ಲ. ಅದರ ಮೇಲೆ ಬರೆಯಲು ನನಗೆ ಬರುವುದಿಲ್ಲ. ಬಟ್ಟೆಯ ವಿಷಯ ಬರೆಯುತ್ತೇನೆ, ಅದು ಬರುತ್ತದೆ.

ತೂಕಡಿಸುವ ಎಳೆಗಳ ವಿಷಯ ಓದಿ ಮಗ್ಗದ ಪಕ್ಕ ನಿಂತು ನೂಲನ್ನು ಬೆರಳಲ್ಲಿ ಹೊಸೆದು ನೋಡಿದೆ. ನಿಜ, ಒಳಗೆ ಜಾರುತ್ತದೆ. ಇಷ್ಟು ವರ್ಷ ಅದು ನೂಲಿನ ಮೆದುತನ ಎಂದುಕೊಂಡಿದ್ದೆ. ಅವತ್ತಿಡೀ ಶೆಡ್ಡಿನಲ್ಲಿ ತಿರುಗಾಡಿದ್ದು ನೀವು ಹೇಳಿದ ಓಣಿಯಲ್ಲಿ ತಿರುಗಾಡಿದ ಹಾಗಿತ್ತು. ನನಗೆ ಅಲ್ಲಿ ಯಾರೂ ಸಿಗಲಿಲ್ಲ.

ನಿಮ್ಮ ಮಾದರಿಯಲ್ಲಿ ಒಂದು ವಿಷಯ ಕಾಣಲಿಲ್ಲ, ಗೊತ್ತಿರುವವರಿಗೆ ಹೇಳುತ್ತಿದ್ದರೆ ಕ್ಷಮಿಸಿ. ಹಾಸು ಎಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲು, ತಂತಿಯ ಹಾಗೆ ನೆಟ್ಟಗೆ. ಅಡ್ಡಕ್ಕೆ ಬರುವ ಹೊಕ್ಕು ಹಾಗಲ್ಲ, ಒಂದು ಹಾಸಿನ ಮೇಲೆ ಹತ್ತಿ ಇನ್ನೊಂದರ ಕೆಳಗೆ ನುಸುಳಿ ಹಾವಿನಂತೆ ಹೋಗುತ್ತದೆ. ಎಳೆದರೆ ಮೊದಲು ತನ್ನ ಡೊಂಕು ತಿದ್ದಿಕೊಳ್ಳುತ್ತದೆ, ಆಮೇಲೆ ಕೆಲಸಕ್ಕೆ ಬರುತ್ತದೆ. ಗಾಜು ಬೇರೆ, ಡೊಂಕಿನಲ್ಲೇ ಪಟ್ಟೆಂದು ಹೋಗುವುದೂ ಉಂಟು. ಲೇಪ ಒಣಗಿದ ಮೇಲೆ ಕಣ್ಣಿಗೆ ಎರಡೂ ಒಂದೇ, ಬೆರಳಿಗೆ ಮಾತ್ರ ಬೇರೆ. ಹೊಕ್ಕನ್ನು ನಂಬಿ ಭಾರ ಹೊರಿಸಬಾರದೆಂದು ನನ್ನ ಗುರುಗಳು ಹೇಳುತ್ತಿದ್ದರು.

ನಿಮ್ಮ ಕಚೇರಿಯವರು ಈ ಸಲ ಉರುಳೆ ಬೇಡ, ಉದ್ದಗಲ ಒಂದೇ ಇರುವ ಚೌಕ ಹಾಳೆಗಳಾಗಿ ಕತ್ತರಿಸಿ ಕೊಡಿ ಎಂದಿದ್ದರಲ್ಲ. ಚೌಕವಾದರೆ ದಿಕ್ಕು ತಪ್ಪುತ್ತದೆಂದು ಪ್ರತಿ ಹಾಳೆಯ ಅಂಚಿಗೂ ನಾನೇ ಬಾಣ ಎಳೆದು ಸೀಮೆಸುಣ್ಣದಲ್ಲಿ 'ಹ' ಎಂದು ಬರೆದಿದ್ದೇನೆ. ನಮ್ಮ ಶೆಡ್ಡಿನಲ್ಲಿ ಯಾವತ್ತೂ ಗುರುತು ಹಾಕುವುದು ಹೊಕ್ಕಿಗೆ. ಹಾಸಿಗೆ ಯಾಕೆ ಗುರುತು, ಅದು ಹಾಸಿಕೊಂಡೇ ಇರುತ್ತದೆ. ಬಾಣವನ್ನು ತೊಲೆಯ ಉದ್ದಕ್ಕೆ ಇಟ್ಟರೆ ಹಾಸು ತೊಲೆಯಿಂದ ತೊಲೆಗೆ ಬರುತ್ತದೆ, ಬಂದೋಬಸ್ತು. ನೀವು ಹಾಗೇ ಇಟ್ಟಿರುತ್ತೀರಿ. ಮುದುಕನಿಗೆ ಹೇಳಿದ್ದನ್ನೇ ಹೇಳುವ ಚಟ.

ಇತಿ,
ಮೇಸ್ತ್ರಿ


ಫೆಬ್ರವರಿ ೨೩

ಅಪ್ಪಾ,

ಹ ಎಂದರೆ ಹೊಕ್ಕೇ?

ನಾನು ಹಾಸು ಎಂದು ಓದಿದೆ. ಹಾಸು ಯಾವ ಕಡೆಗಿದೆ ಎಂಬುದೊಂದೇ ನನ್ನ ಲೆಕ್ಕಕ್ಕೆ ಬೇಕಾದದ್ದು, ಅದಕ್ಕೇ ಕಣ್ಣು ಅದನ್ನೇ ಓದಿತು. 'ಹ ಅಂದ್ರೆ ಏನು ಮೇಡಂ?' ಎಂದು ಎರಕದ ಕೆಲಸದವರು ಕೇಳಿದರು. 'ಹಾಸು. ತೊಲೆಯಿಂದ ತೊಲೆಗೆ ಬರೋ ಹಾಗೆ ಇಡಿ' ಎಂದೆ. ಮಗ್ಗದ ಕೆಳಗೆ ಆಡಿ ಬೆಳೆದವಳು ನಾನು, ಅಲ್ಲಿ ನಿಂತಿದ್ದವರಲ್ಲಿ ನನಗೊಬ್ಬಳಿಗೇ ಈ ಎರಡು ಮಾತು ಗೊತ್ತಿದ್ದದ್ದು. ಬೇರೆ ಯಾರೇ ಆಗಿದ್ದರೂ ನಿನ್ನನ್ನು ಒಂದು ಮಾತು ಕೇಳುತ್ತಿದ್ದರು.

ಈಗ ತಿಳಿಯಿತು. ಪಟ್ಟಿ ಕತ್ತರಿಸಿದ್ದು ಹಾಸಿನ ಉದ್ದಕ್ಕೆ, ಅದಕ್ಕೇ ಮಾದರಿಗೆ ಹೊಂದಿತು. ಹಲಗೆಯಲ್ಲಿ ಭಾರವೆಲ್ಲ ಹೊಕ್ಕಿನ ಮೇಲಿದೆ. ಒಳಗಿನ ಎಳೆಗಳು ತೂಕಡಿಸುತ್ತಿರಲಿಲ್ಲ. ನೂಲೇ ಡೊಂಕು ತಿದ್ದಿಕೊಳ್ಳುತ್ತಿತ್ತು. ನಾನು ಬಡಪಾಯಿ ಎಳೆಗಳ ಮೇಲೆ ತಪ್ಪು ಹೊರಿಸಿ ಅಂಕಿ ಇಳಿಸಿದೆ. ಮುರಿಯುವ ಭಾರದ ಬಗ್ಗೆ ನಾನು ಬರೆದು ರುಜು ಹಾಕಿದ್ದು ಈಗ ನಿಜವಲ್ಲ. ಅರ್ಧಕ್ಕಿಂತ ಸ್ವಲ್ಪ ಮೇಲಿರಬಹುದು ಅಷ್ಟೆ.

ಆರು ಹಲಗೆ ಆಗಲೇ ಎರಡನೇ ಪ್ಲಾಟ್‌ಫಾರ್ಮಿನ ಮೇಲೆ ಕೂತಿವೆ. ಮಾರ್ಚ್ ಹತ್ತಕ್ಕೆ ಜನರಿಗೆ ಬಿಡುತ್ತಾರೆ. ಇವತ್ತು ಬೆಳಿಗ್ಗೆ ಹೋಗಿ ಅದರ ಕೆಳಗೆ ನಿಂತೆ. ಎಷ್ಟು ಚೆನ್ನಾಗಿದೆ ಅಪ್ಪಾ. ತೆಳ್ಳಗೆ, ಅಲೆ ಅಲೆಯಾಗಿ, ಈಗಷ್ಟೇ ಯಾರೋ ಕೊಡವಿ ಹರಡಿದ ಹಾಗೆ. ಹಗ್ಗದ ಆಚೆ ಒಬ್ಬ ಅಜ್ಜಿ ಚೀಲದ ಮೇಲೆ ಕೂತು, 'ನೆರಳು ಯಾವಾಗ ಬಿಡ್ತೀರಮ್ಮ?' ಎಂದು ಕೇಳಿದರು.

ಮುಖ್ಯ ಎಂಜಿನಿಯರರಿಗೆ ಹೇಳಿದರೆ ಮೊದಲ ಪ್ರಶ್ನೆ, ಗುರುತು ಹಾಕಿದ್ದು ಯಾರು ಎಂಬುದು. ನಿನಗೆ ಇನ್ನು ಎರಡು ತಿಂಗಳು ಕೆಲಸವಿದೆ. ಹೇಳದಿದ್ದರೆ ಏನಾಗಬಹುದೆಂದು ನಿನಗೂ ಗೊತ್ತು. ಏನು ಮಾಡಲಿ ಎಂದು ನಿನ್ನನ್ನು ಕೇಳುತ್ತಿಲ್ಲ. ನಾಳೆ ಹೇಳುತ್ತೇನೆ. ನಿನಗೆ ಮೊದಲು ತಿಳಿಸದೆ ಹೇಳಬಾರದೆಂದು ಈ ಪತ್ರ, ಬಟ್ಟೆ ತರುವ ಗಾಡಿಯವರ ಕೈಯಲ್ಲೇ ಕಳಿಸುತ್ತಿದ್ದೇನೆ.

ಲಾಳಿ


ಮಾರ್ಚ್ ೪

ನೇಯ್ಗೆ ಮೇಸ್ತ್ರಿಯವರಿಗೆ. ಪ್ರತಿ: ಲೆಕ್ಕದ ಎಂಜಿನಿಯರ್.

ಫೆಬ್ರವರಿ ೨೪ರಂದು ನನ್ನ ಮೇಜಿಗೆ ಒಂದೇ ವಿಷಯದ ಮೇಲೆ ಎರಡು ಪತ್ರಗಳು ಬಂದವು. ಗುರುತು ಅಸ್ಪಷ್ಟವಾಗಿ ಹಾಕಿದ್ದು ತನ್ನ ತಪ್ಪು, ಎಂಜಿನಿಯರ್ ನಿರ್ದೋಷಿ ಎಂದು ಒಂದರಲ್ಲಿದೆ. ಗುರುತು ಸರಿಯಾಗಿಯೇ ಇತ್ತು, ಓದಿದ್ದೂ ಅಂಕಿ ಹೊಂದಿಸಿದ್ದೂ ತನ್ನ ತಪ್ಪು, ಮೇಸ್ತ್ರಿ ನಿರ್ದೋಷಿ ಎಂದು ಇನ್ನೊಂದರಲ್ಲಿದೆ. ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಕೇಳಿದ್ದೆ. ಕೂಗುವ ಮೊದಲೇ ಇಬ್ಬರು ಕುಂಬಳಕಾಯಿ ಹೊತ್ತು ಬಂದದ್ದನ್ನು ಈಗಲೇ ನೋಡಿದ್ದು. ಇಬ್ಬರೂ ಒಂದೇ ಮನೆಯವರೆಂದು ಸಿಬ್ಬಂದಿ ಪುಸ್ತಕ ತೆಗೆದ ಮೇಲೆ ತಿಳಿಯಿತು.

ಇಬ್ಬರದೂ ತಪ್ಪೆಂದು ನಿರ್ಧರಿಸಿದ್ದೇನೆ. ಆರೂ ಹಲಗೆಗಳನ್ನು ಇಳಿಸಲಾಗಿದೆ. ಅವುಗಳಲ್ಲಿ ಒಂದನ್ನು ಅಂಗಳದಲ್ಲಿ ಮುರಿಯುವವರೆಗೆ ಭಾರ ಹೇರಿದೆವು. ಬರೆದಿದ್ದ ಭಾರದ ಅರ್ಧಕ್ಕೆ ಮುರಿಯಿತು. ಅದರ ಕೆಳಗೆ ಯಾರೂ ಇರಲಿಲ್ಲ ಎಂಬುದನ್ನು ನೀವಿಬ್ಬರೂ ನೆನಪಿಡುವುದು.

ಎಂಜಿನಿಯರ್ ಒಂದು ವರ್ಷ ಯಾವ ವರದಿಗೂ ರುಜು ಹಾಕುವಂತಿಲ್ಲ. ಮೇಸ್ತ್ರಿಯವರನ್ನು ಈ ತಿಂಗಳ ಹದಿನೈದಕ್ಕೇ ಕೆಲಸದಿಂದ ಬಿಡುಗಡೆ ಮಾಡಲಾಗಿದೆ. ಬೀಳ್ಕೊಡುಗೆ ಸಭೆ ಇರುವುದಿಲ್ಲ. ಹೊಸ ಹಾಳೆಗಳ ಮೇಲೆ ಪೂರ್ತಿ ಪದ ಬರೆಯತಕ್ಕದ್ದು.

ಮುಖ್ಯ ಎಂಜಿನಿಯರ್


ಮಾರ್ಚ್ ೧೯

ಅಪ್ಪಾ,

ಈ ಹೊತ್ತಿಗೆ ಮನೆಯಲ್ಲಿರುತ್ತೀಯ. ಹಗಲು ಹೊತ್ತು ನೀನು ಮನೆಯಲ್ಲಿ ಕುಳಿತಿರುವುದು ನನ್ನ ಕಣ್ಣಿಗೆ ಕಟ್ಟುತ್ತಲೇ ಇಲ್ಲ. ಮಗ್ಗದ ಸದ್ದಿಲ್ಲದೆ ನಿದ್ದೆ ಬರುತ್ತದೆಯೇ?

ನೀನು ಮುಖ್ಯ ಎಂಜಿನಿಯರರಿಗೆ ಬರೆದ ಪತ್ರವನ್ನು ಓದಲು ಕೊಡಿ ಎಂದು ಕೇಳಿದೆ. ಕೊಡಬಾರದೆಂದು ನಿಯಮವಂತೆ. ಪತ್ರ ಮೇಜಿನ ಮೇಲಿಟ್ಟು, ಕಿಟಕಿಯ ಕಡೆ ತಿರುಗಿ ನಿಂತು, ಹೊರಗಿನ ಮರದಲ್ಲಿ ಎಷ್ಟು ಎಲೆಗಳಿವೆಯೆಂದು ನೋಡುತ್ತಿದ್ದರು. ಓದಿದೆ. ನಾಲ್ಕೇ ಸಾಲು. 'ಗುರುತು ನನ್ನದು. ಪೂರ್ತಿ ಬರೆಯಲು ಸೋಮಾರಿತನ ಮಾಡಿದೆ, ಎಂಜಿನಿಯರರ ತಪ್ಪಿಲ್ಲ. ಹಲಗೆಗಳನ್ನು ಇವತ್ತೇ ಇಳಿಸಿ. ಜನ ಸಾಯುತ್ತಾರೆ.' ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಅದನ್ನು ಓದಿ ಅಳು ಬಂತು. ಆಮೇಲೆ ಸಿಟ್ಟು ಬಂತು. ಇಷ್ಟು ನೇರವಾಗಿ ಬರೆಯಲು ನಿನಗೆ ಬರುತ್ತದೆ. ಮುಖ ನೋಡದ ಜನರಿಗಾಗಿ ಬರೆದೆ. ಹಾಗಾದರೆ ಆ ಕಾರ್ಡಿನಲ್ಲಿ ಯಾಕೆ ಬರೆಯಲಿಲ್ಲ? ಅಮ್ಮ ಹೇಳಬೇಡ ಎಂದಳು ಎನ್ನುತ್ತೀಯ. ನನಗೆ ಜ್ವರ ಬಂದರೆ ಕೆಲಸ ಬಿಟ್ಟು ಓಡಿಬರುತ್ತಿದ್ದವಳು ತನಗಾದಾಗ ನನ್ನನ್ನು ಬೇಡ ಎಂದಳೆಂದು ನಂಬಲು ನಾಲ್ಕು ವರ್ಷದಿಂದ ಪ್ರಯತ್ನ ಮಾಡುತ್ತಿದ್ದೇನೆ. ಕೂರುತ್ತಿಲ್ಲ ಅಪ್ಪಾ. ಯಾವ ಅಂಕಿ ಹಾಕಿದರೂ ಕೂರುತ್ತಿಲ್ಲ.

ಲಾಳಿ


ಏಪ್ರಿಲ್ ೧೧

ಲಾಳಿ,

ನಿದ್ದೆ ಬರುತ್ತದೆ. ಹಗಲಲ್ಲೇ ಬರುತ್ತದೆ. ಕುರ್ಚಿಯಲ್ಲಿ ಕೂತರೆ ಶೆಡ್ಡಿನ ಬಿಸಿಲು ಈ ಕೋಣೆಗೇ ಇಳಿದ ಹಾಗಾಗಿ ಕಣ್ಣು ಕೂಡುತ್ತದೆ. ಮಗ್ಗ ನಡೆಯುತ್ತಿರುತ್ತದೆ, ಬಟ್ಟೆ ಮಾತ್ರ ಬರುತ್ತಿರುವುದಿಲ್ಲ. ಎಷ್ಟು ಹೊತ್ತು ಹೊಡೆದರೂ ಹಾಸು ಬರಿಯ ಹಾಸಾಗಿಯೇ ಇರುತ್ತದೆ. ಎದ್ದ ಮೇಲೆ ಈ ಪತ್ರ ಬರೆಯಲು ಕೂರುತ್ತೇನೆ. ಹರಿದು ಹಾಕುತ್ತೇನೆ. ಇದು ಎಷ್ಟನೆಯದೋ.

ನಿನ್ನ ಅಮ್ಮ ಹೇಳಬೇಡ ಎನ್ನಲಿಲ್ಲ.

ಅದನ್ನು ನಾನೇ ಕಟ್ಟಿದ್ದು. ಮೊದಲು ನೆಂಟರಿಗೆ ಹೇಳಿದೆ, ಆಮೇಲೆ ನಿನಗೆ ಹೇಳಿದೆ, ಹೇಳಿ ಹೇಳಿ ನನಗೇ ನಿಜವಾಗಿತ್ತು. ಆಸ್ಪತ್ರೆಗೆ ಸೇರಿಸಿದ ದಿನವೇ ಡಾಕ್ಟರು ನನ್ನನ್ನು ಹೊರಗೆ ಕರೆದು, "ಮಗಳಿದ್ದಾಳಾ? ಕರೆಸಿಬಿಡಿ" ಎಂದರು. ಮೆಟ್ಟಿಲ ಹತ್ತಿರದ ಬೆಂಚಿನ ಮೇಲೆ ಕೂತು ಕಾರ್ಡು ತೆಗೆದೆ. 'ಬೇಗ ಬಾ' ಎಂದು ಬರೆಯಬೇಕಿತ್ತು, ಅಷ್ಟೆ. ಬರೆದರೆ ಅವಳು ಹೋಗುತ್ತಾಳೆಂದು ನಾನು ಒಪ್ಪಿಕೊಂಡ ಹಾಗೆ. ನೀನು ಬಂದು ಬಾಗಿಲಲ್ಲಿ ನಿಂತರೆ ಅವಳಿಗೂ ಗೊತ್ತಾಗುತ್ತದೆ, ನನಗೂ ಗೊತ್ತಾಗುತ್ತದೆ. ನನಗೆ ಹೆದರಿಕೆಯಾಯಿತು ಮಗಳೇ. ಅದಕ್ಕೆ ಚೇತರಿಸಿಕೊಳ್ಳುತ್ತಿದ್ದಾಳೆ ಎಂದು ಬರೆದೆ. ಬರೆದ ಮೇಲೆ ಸ್ವಲ್ಪ ಹೊತ್ತು ಹಾಗೇ ಅನ್ನಿಸಿತು ಕೂಡ.

ಅವಳು ಹನ್ನೊಂದು ದಿನ ಇದ್ದಳು. ಹನ್ನೊಂದು ದಿನವೂ ಕೇಳಿದಳು.

"ಲಾಳಿಗೆ ಬರೆದ್ರಾ?"

"ಬರೆದಿದೀನಿ."

"ಏನಂತೆ?"

"ಹೊರಟಿದಾಳಂತೆ. ನಾಳೆ ಬರ್ತಾಳೆ."

ದಿನಾ ನಾಳೆ ಎಂದೆ. ಕೊನೆಗೆ ಅವಳು ಕೇಳುವುದನ್ನು ಬಿಟ್ಟು ಬರೀ ಬಾಗಿಲ ಕಡೆ ನೋಡುತ್ತಿದ್ದಳು. ನಾನು ಅದಕ್ಕೂ ನಾಳೆ ಎಂದೆ.

ಇದನ್ನು ಓದಿ ನೀನು ಮತ್ತೆ ನಾಲ್ಕು ವರ್ಷ ಬರೆಯದಿದ್ದರೆ ತಕರಾರು ಮಾಡುವುದಿಲ್ಲ. ಆರು ಹಲಗೆ ಇಳಿಸಿದ್ದನ್ನು ನೋಡಿದ ಮೇಲೆ ಈ ಸುಳ್ಳನ್ನು ಮೇಲೆ ಇಟ್ಟುಕೊಂಡು ಅದರ ಕೆಳಗೆ ಕೂರಲು ಆಗಲಿಲ್ಲ.

ಅಪ್ಪ


ಏಪ್ರಿಲ್ ೧೬

ಅಪ್ಪಾ,

ಓದಿದೆ. ಎರಡು ದಿನ ಕೆಲಸಕ್ಕೆ ಹೋಗಲಿಲ್ಲ.

ಕ್ಷಮಿಸಿದ್ದೇನೆ ಎಂದು ಬರೆಯಲು ಕೂತೆ. ಬರಲಿಲ್ಲ. ಕ್ಷಮಿಸಿಲ್ಲ. ಯಾವತ್ತು ಆಗುತ್ತದೋ, ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಆದರೆ ಅಮ್ಮ ನನ್ನನ್ನು ಬೇಡ ಎನ್ನಲಿಲ್ಲ. ಅದೊಂದನ್ನೇ ಹಿಡಿದುಕೊಂಡು ಮನೆಯೆಲ್ಲ ತಿರುಗಾಡುತ್ತಿದ್ದೇನೆ, ಪಾತ್ರೆ ತೊಳೆಯುವಾಗಲೂ ಅದೇ, ಬೀದಿಯಲ್ಲಿ ನಡೆಯುವಾಗಲೂ ಅದೇ. ನಾಲ್ಕು ವರ್ಷ ನನ್ನಿಂದ ಇದನ್ನು ಕಿತ್ತಿಟ್ಟುಕೊಂಡಿದ್ದೆ ನೀನು.

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಒಂದೊಂದು ದಿನವೂ ಅಮ್ಮ ಏನು ಕೇಳಿದಳು, ಯಾವ ಸೀರೆಯಲ್ಲಿದ್ದಳು, ಏನು ತಿಂದಳು, ನೀನು ಏನು ಹೇಳಿದೆ, ಬಿಡದೆ ಹೇಳಬೇಕು. ಒಂದೇ ದಿನ ಎಲ್ಲವನ್ನೂ ಹೇಳಬೇಡ, ನನಗೂ ಆಗುವುದಿಲ್ಲ, ನಿನಗೂ ಆಗುವುದಿಲ್ಲ. ದಿನಕ್ಕೆ ಒಂದು ದಿನ.

ಹನ್ನೊಂದು ದಿನ ರಜೆ ಹಾಕಿದ್ದೇನೆ.

ಲಾಳಿ